ನ್ಯಾಯಮೂರ್ತಿ ನಾರಾಯಣ ಚಂದಾವರ್ಕರ್

ಜೋಗದ ಬಂಡೆಗಳಿಂದ ಧುಮುಕಿದ ಶರಾವತಿ ನದಿಯು ದಟ್ಟವಾದ ಕಾಡುಗಳ ನಡುವೆ ಹರಿದು ಹೊನ್ನಾವರದ ಬಳಿ ಸಮುದ್ರವನ್ನು ಸೇರುತ್ತದೆ. ಈ ಊರಿನಲ್ಲಿ 1855ನೆಯ ಇಸವಿ ಡಿಸೆಂಬರ್ 2ರಂದು ನಾರಾಯಣ ಗಣೇಶ ಚಂದಾವರ್ಕರರು ಜನಿಸಿದರು. ಹೊನ್ನಾವರವು ಆಗ ಮದರಾಸು ಪ್ರಾಂತಕ್ಕೆ ಸೇರಿತ್ತು. 1862ರಲ್ಲಿ ಉತ್ತರ ಕನ್ನಡವನ್ನು ಮುಂಬಯಿ ಪ್ರಾಂತಕ್ಕೆ ಸೇರಿಸಲಾಯಿತು. ಅದೇ ವರ್ಷ ಮುಂಬಯಿಯಲ್ಲಿ ಹೈಕೋರ್ಟು ಸ್ಥಾಪನೆಯಾಯಿತು. ಆರೇಳು ವರ್ಷದ ಬಾಲಕನಿಗೆ ಈ ಸಂಗತಿಗಳ ಅರಿವು ಇದ್ದಿರಲಾರದು. ಆದರೆ ಅವನ ಮುಂದಿನ ಬಾಳಿಗೆ ದಾರಿ ತೋರಿದುವು ಇವೇ.

ಚಂದಾವರ್ಕರರು ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ವ್ಯಾಸಂಗ ಮಾಡಿದರು. ಅಲ್ಲಿಯೇ ಕೆಲಕಾಲ ದಕ್ಷಿಣಾ ಫೆಲೋ ಆಗಿದ್ದರು. 1878ರಿಂದ ಸುಮಾರು ಹನ್ನೊಂದು ವರ್ಷ ‘ಇಂದುಪ್ರಕಾಶ’ ಪತ್ರಿಕೆಯ ಇಂಗ್ಲಿಷ್ ವಿಭಾಗದ ಸಂಪಾದಕರಾಗಿ ಹೆಸರು ಗಳಿಸಿದರು. ಈ ನಡುವೆ 1881ರಲ್ಲಿ ಕಾನೂನು ಪದವಿಯನ್ನು ಪಡೆದು ಹೈಕೋರ್ಟಿನ ವಕೀಲರಾದರು. ಹೈಕೋರ್ಟಿನ ಭವ್ಯವಾದ ಕಲ್ಲಿನ ಕಟ್ಟಡ ಪೂರ್ಣಗೊಂಡು ಆಗ ಕೇವಲ ಮೂರು ವರ್ಷಗಳಾಗಿದ್ದವು.

ಆ ಕಟ್ಟಡ ಒಂದೇ ಆದರೂ ಅದರೊಳಗಿನ ನ್ಯಾಯಾಲಯಕ್ಕೆ ಎರಡು ಬಾಗಿಲುಗಳಿದ್ದುವೆಂದೇ ಹೇಳಬೇಕು. ಮುಂಬಯಿ ನಗರದ ದೊಡ್ಡ ದಾವೆಗಳು ನೇರವಾಗಿ ಹೈಕೋರ್ಟಿನ ಮೂಲ ವಿಭಾಗಕ್ಕೆ ಬರುತ್ತಿದ್ದವು. ಅಲ್ಲಿ ಇಂಗ್ಲೆಂಡಿನ ಪದ್ಧತಿಯೇ ನಡೆಯುತ್ತಿತ್ತು. ಕಕ್ಷಿಗಾರನು ಎಷ್ಟೇ ಸಿರಿವಂತನಾಗಿರಲಿ, ತನಗೆ ಬೇಕಾದ ಬ್ಯಾರಿಸ್ಟರನ ಬಳಿಗೆ ತಾನೇ ಹೋಗಿ ತನ್ನ ವ್ಯಾಜ್ಯವನ್ನು ಒಪ್ಪಿಸುವಂತಿರಲಿಲ್ಲ. ಅವನು ಮೊದಲು ಸಾಲಿಸಿಟರನನ್ನು ಕಾಣಬೇಕು. ಕಾಗದಪತ್ರಗಳನ್ನು ಪರಿಶೀಲಿಸುವವನು, ಸಾಕ್ಷಿಗಳನ್ನು ಹುಡುಕುವವನು, ದಾವೆಯನ್ನು ಹೂಡುವವನು ಸಾಲಿಸಿಟರ್. ಅವನು ಎಲ್ಲವನ್ನೂ ಬರೆದು ಸಿದ್ಧಪಡಿಸಿ, ತಾನು ಆರಿಸಿದ ಬ್ಯಾರಿಸ್ಟರನಿಗೆ ಕಳುಹಿಸುತ್ತಿದ್ದನು. ನ್ಯಾಯಾಧೀಶರ ಮುಂದೆ ನಿಂತು ವಾದಿಸುವುದು ಮಾತ್ರ ಬ್ಯಾರಿಸ್ಟರನ ಕೆಲಸ. ವಾದಿಸುವವನು ಕಕ್ಷಿಗಾರನ ಕೋಪತಾಪಗಳಿಂದ ದೂರವಿದ್ದರೆ ಅವನ ವಿವೇಚನೆ ಕೆಡುವುದಿಲ್ಲವೆಂಬುದು ಈ ಪದ್ಧತಿಯನ್ನು ಮೆಚ್ಚುವವರ ಅಭಿಪ್ರಾಯ. ಅದರಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಒಂದು ವ್ಯಾಜ್ಯಕ್ಕೆ ಇಬ್ಬರಿಗೆ ಹಣ ತೆರಬೇಕಾಗುತ್ತಿತ್ತೆಂಬುದೂ ಅಷ್ಟೇ ನಿಜ.

ಈ ಪದ್ಧತಿಯಿಂದ ಭಾರತೀಯ ಬ್ಯಾರಿಸ್ಟರರಿಗೆ ಮತ್ತೊಂದು ತೊಡಕಿತ್ತು. ಸಾಲಿಸಿಟರರಲ್ಲಿ ಹೆಚ್ಚಿನವರು ಆಂಗ್ಲರು. ಅವರ ಕೃಪೆಯಿಲ್ಲದೆ ಕೆಲಸ ದೊರೆಯುವುದು ಕಷ್ಟ. 1867ರಲ್ಲಿ ಮುಂಬಯಿಯ ಮೊದಲ ಭಾರತೀಯ ಬ್ಯಾರಿಸ್ಟರರಾದ ಬದ್ರುದ್ದೀನ್ ತ್ಯಾಬ್ಜಿಯವರಿಗೆ ಒಂದು ಅನುಕೂಲವಿತ್ತು: ಅವರ ಅಣ್ಣ ಕಮರುದ್ದೀನರು ಸಾಲಿಸಿಟರರಾಗಿದ್ದರು. ಅಂಥ ಅಣ್ಣನಿಲ್ಲದವರ ಪಾಡು ಬೇರೆ. 1891ರಲ್ಲಿ ಬ್ಯಾರಿಸ್ಟರರಾಗಿ ಹಿಂದಿರುಗಿದ ಗಾಂಧೀಜಿಯವರು ಮುಂಬಯಿಯಲ್ಲಿ ಕೆಲವು ತಿಂಗಳು ಕೆಲಸಕ್ಕಾಗಿ ಕಾದರು. ಸಣ್ಣದೊಂದು ಮೊಕದ್ದಮೆ ಬಂದಾಗ ದಲ್ಲಾಳಿಗೆ ಪಾಲು ಕೊಡಬೇಕೆಂಬ ಮಾತು ಹುಟ್ಟಿತು, ಅವರು ಕೊಡಲಿಲ್ಲ. ಕಡೆಗೆ ರಾಜಕೋಟೆಗೆ ಹಿಂದಿರುಗಿ ಅರ್ಜಿಗಳನ್ನು ಬರೆದು ಜೀವನ ಸಾಗಿಸಬೇಕಾಯಿತು.

ಹೈಕೋರ್ಟಿನ ಇನ್ನೊಂದು ಬಾಗಿಲು ಅಪೀಲು ವಿಭಾಗದ್ದು. ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರ ಮೊದಲಾದೆಡೆಗಳ ನ್ಯಾಯಾಲಯಗಳಲ್ಲಿ ತೀರ್ಮಾನವಾದ ಮೊಕದ್ದಮೆಗಳು ಮೇಲ್ಮನವಿಯಾಗಿ ಇಲ್ಲಿಗೆ ಬರುತ್ತಿದ್ದವು. ಇಲ್ಲಿ ಸಾಲಿಸಿಟರನ ಅಗತ್ಯವಿರಲಿಲ್ಲ. ರೈತನೊಬ್ಬನು ತೀರ್ಪಿನ ನಕಲನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಂದು ವಕೀಲರ ಮನೆಯ ಜಗಲಿಯ ಮೇಲೆ ಕುಳಿತು ತನ್ನ ಕಷ್ಟವನ್ನು ತಾನೇ ಹೇಳಿಕೊಳ್ಳಬಹುದಾಗಿತ್ತು. ವಕಾಲತ್ತಿಗೆ ಸಹಿಯನ್ನೋ ಹೆಬ್ಬೆಟ್ಟಿನ ಗುರುತನ್ನೋ ಹಾಕಿದರೆ ಸಾಕು. ಆ ವಕೀಲರೇ ಅವನ ಪರವಾಗಿ ಅಪೀಲನ್ನು ದಾಖಲಿಸಿ, ಅವರೇ ವಾದಿಸುತ್ತಿದ್ದರು. ಒಂದು ತುಂಡು ಗದ್ದೆ, ಒಂದು ಬಾವಿಯ ನೀರು, ವಿಧವೆಯೊಬ್ಬಳ ಜೀವನಾಂಶ, ದತ್ತುಮಗನ ಹಕ್ಕು ಇಂಥವೇ ಅಲ್ಲಿಯ ವ್ಯಾಜ್ಯಗಳು. ನಗರದ ವರ್ತಕರ ಲಕ್ಷಾಂತರ ರೂಪಾಯಿಗಳ ದಾವೆಗಳ ಮುಂದೆ ಅವು ಚಿಕ್ಕವಾಗಿ ಕಾಣಬಹುದು. ಆದರೆ ಆ ಮನೆತನಗಳಿಗೆ ಅವೇ ಸರ್ವಸ್ವ.

ಚಂದಾವರ್ಕರರು ಇಂಗ್ಲೆಂಡಿಗೆ ಹೋಗಿ ಬ್ಯಾರಿಸ್ಟರರಾದವರಲ್ಲ. ಅವರು ಪ್ರವೇಶಿಸಿದ್ದು ಈ ಎರಡನೆಯ ಬಾಗಿಲಿನಿಂದ. ಬ್ಯಾರಿಸ್ಟರರ ಮುಂದೆ ವಕೀಲರಿಗೆ ಕೆಳಗಿನ ಸ್ಥಾನವಿದ್ದ ಕಾಲ ಅದು. ಮೂಲ ವಿಭಾಗದಲ್ಲಿ ಅವರು ಬಾಯಿ ತೆರೆಯುವಂತಿರಲಿಲ್ಲ. ಹೈಕೋರ್ಟಿನ ಮುಖ್ಯ ನ್ಯಾಯಾಧೀಶರ ಪದವಿಯನ್ನಂತೂ 1861ರ ಶಾಸನವು ಬ್ಯಾರಿಸ್ಟರರಿಗೇ ಮೀಸಲಿಟ್ಟಿತ್ತು. ಆದರೂ ಹತ್ತು ವರ್ಷ ಹೈಕೋರ್ಟಿನಲ್ಲಿ ವಕೀಲಿ ನಡೆಸಿದವರು ನ್ಯಾಯಾಧೀಶರಾಗಬಹುದೆಂದು ಅದೇ ಶಾಸನದಲ್ಲಿ ಅವಕಾಶವಿದ್ದುದು ಭಾರತೀಯರಿಗೆ ಒಂದು ಆಶಾಕಿರಣವಾಗಿತ್ತು.

ವಕೀಲರಾಗಿ ನಾಲ್ಕು ವರ್ಷ ಕಳೆಯುವಷ್ಟರಲ್ಲಿ, 1885ರಲ್ಲಿ, ಅವರ ಪಾಲಿಗೆ ಬೇರೊಂದು ಬಗೆಯ ವಕಾಲತ್ತು ಬಂದಿತು. ಇಂಗ್ಲೆಂಡಿನಲ್ಲಿ ಮಹಾಚುನಾವಣೆ ಸಮೀಪಿಸಿತ್ತು. ಭಾರತದ ಕುಂದುಕೊರತೆಗಳು ಅಲ್ಲಿಯ ಮತದಾರರಿಗೆ ತಲಪುತ್ತಿದ್ದುದು ಅಧಿಕಾರಿಗಳ ವರದಿಗಳ ಮೂಲಕ. ಆ ಜನರ ಮುಂದೆಯೇ ಹೋಗಿ ನಿಂತು ಮಾತನಾಡಬೇಕೆಂದು ಮೂರು ಪ್ರಾಂತಗಳಿಂದ ಮೂವರನ್ನು ಕಳುಹಿಸಲಾಯಿತು. ಬಂಗಾಳದಿಂದ ಬ್ಯಾರಿಸ್ಟರ್ ಮನಮೋಹನ ಘೋಷರು, ಮದರಾಸಿನಿಂದ ಸೇಲಂ ರಾಮಸ್ವಾಮಿ ಮೊದಲಿಯಾರರು, ಮುಂಬಯಿಯಿಂದ ಚಂದಾವರ್ಕರರು ಹೊರಟರು. ಸಮುದ್ರವನ್ನು ದಾಟಿದವನು ಜಾತಿಗೆ ಹೊರಗಾಗುವನೆಂಬ ನಂಬಿಕೆ ಬಲವಾಗಿದ್ದ ದಿನಗಳವು. ಮೂವತ್ತು ತುಂಬದ ತರುಣರು ಅದನ್ನು ಲೆಕ್ಕಿಸಲಿಲ್ಲ. ಇಂಗ್ಲೆಂಡಿನ ಸಭೆಗಳಲ್ಲಿ ಭಾರತದ ಪರವಾಗಿ ಭಾಷಣ ಮಾಡಿದರು. ಅವರು ಹಿಂದಿರುಗುವ ವೇಳೆಗೆ ಮುಂಬಯಿಯಲ್ಲಿ ಭಾರತ ರಾಷ್ಟ್ರೀಯ ಕಾಂಗ್ರೆಸ್ಸು ಜನ್ಮ ತಾಳಿತು. ಹದಿನೈದು ವರ್ಷಗಳ ಬಳಿಕ, 1900ರಲ್ಲಿ, ಲಾಹೋರಿನಲ್ಲಿ ನಡೆದ ಕಾಂಗ್ರೆಸ್ಸಿನ ಅಧಿವೇಶನಕ್ಕೆ ಅವರೇ ಅಧ್ಯಕ್ಷರಾದರು.

1901ರ ಜನವರಿಯಲ್ಲಿ ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆಯವರು ತೀರಿಕೊಂಡರು. ರಾನಡೆಯವರು ಹೈಕೋರ್ಟಿನ ನ್ಯಾಯಾಧೀಶರಾಗಿದ್ದಂತೆ ಪ್ರಾರ್ಥನಾ ಸಮಾಜದ ಮುಂದಾಳುಗಳೂ ಆಗಿದ್ದರು. ಅದೇ ವರ್ಷ ಎರಡು ಹೊಣೆಗಳೂ ಚಂದಾವರ್ಕರರ ಹೆಗಲಿಗೆ ಬಂದುವು. ಹನ್ನೊಂದು ವರ್ಷಗಳ ಕಾಲ ಅವರು ನ್ಯಾಯಪೀಠದಲ್ಲಿದ್ದರು. ಹಿಂದೆ ತಾವು ಕೈಕಟ್ಟಿ ನಿಂತು ವಾದಿಸಿದ ಸಭಾಂಗಣಗಳಲ್ಲಿಯೇ ಕುಳಿತು ದೂರದ ಹಳ್ಳಿಗಳ ಅಪೀಲುಗಳನ್ನು ಆಲಿಸಿದರು. 1910ರಲ್ಲಿ ಸರಕಾರವು ಅವರಿಗೆ ಸರ್ ಪದವಿಯನ್ನಿತ್ತಿತು.

ಅದೇ ವರ್ಷ ಅವರ ಪಾಲಿಗೆ ಕಠಿನವಾದ ಕರ್ತವ್ಯವೊಂದು ಬಂದೊದಗಿತು. ನಾಸಿಕದ ಒಳಸಂಚಿನ ಮೊಕದ್ದಮೆಯನ್ನು ವಿಚಾರಿಸಿದ ವಿಶೇಷ ಪೀಠದ ಮೂವರು ನ್ಯಾಯಾಧೀಶರಲ್ಲಿ ಚಂದಾವರ್ಕರರೂ ಒಬ್ಬರು. ಆ ಪೀಠವು ವಿನಾಯಕ ದಾಮೋದರ ಸಾವರ್ಕರರಿಗೆ ಕರಿನೀರಿನ ಶಿಕ್ಷೆಯನ್ನು ವಿಧಿಸಿತು. ಸಾವರ್ಕರರು ಬ್ಯಾರಿಸ್ಟರ್ ವ್ಯಾಸಂಗವನ್ನು ಮುಗಿಸಿದ್ದರೂ ಅವರ ರಾಜಕೀಯದ ಕಾರಣದಿಂದ ಆ ಪದವಿ ಅವರಿಗೆ ನಿರಾಕರಿಸಲ್ಪಟ್ಟಿತ್ತು. ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದವರು ದೇಶಕ್ಕಾಗಿ ಬಂಡೆದ್ದವರಿಗೆ ಶಿಕ್ಷೆ ವಿಧಿಸುವ ಪೀಠದಲ್ಲಿ ಕುಳಿತುದು ಅಂದಿನ ಅನೇಕರಿಗೆ ನೋವನ್ನುಂಟುಮಾಡಿದ್ದರೆ ಆಶ್ಚರ್ಯವಿಲ್ಲ. ಕಾನೂನಿನ ಮಾರ್ಗದಲ್ಲಿಯೇ ನಂಬಿಕೆಯಿಟ್ಟ ಆ ಪೀಳಿಗೆಯ ಮುಂದಾಳುಗಳು ಎದುರಿಸಿದ ಸಂಕಟ ಇದು. ಅವರ ಜೀವನವನ್ನು ಬರೆಯುವಾಗ ಇದನ್ನು ಮರೆಮಾಚುವುದು ಉಚಿತವಲ್ಲ.

ನ್ಯಾಯಾಲಯದ ಹೊರಗೆ ಅವರು ಮಾಡಿದ ಕೆಲಸವೂ ದೊಡ್ಡದು. 1906ರಲ್ಲಿ ಜಮಖಂಡಿಯ ವಿಠ್ಠಲ ರಾಮಜಿ ಶಿಂದೆಯವರು ಅಸ್ಪೃಶ್ಯರೆನಿಸಿದ್ದವರ ಮಕ್ಕಳಿಗಾಗಿ ಮುಂಬಯಿಯಲ್ಲಿ ಶಾಲೆಯನ್ನು ತೆರೆದು, ದಲಿತ ವರ್ಗಗಳ ಉದ್ಧಾರಕ್ಕೆ ಸಂಸ್ಥೆಯನ್ನು ಕಟ್ಟಿದಾಗ, ಅದರ ಅಧ್ಯಕ್ಷತೆಯನ್ನು ವಹಿಸಿಕೊಂಡವರು ಚಂದಾವರ್ಕರರು. ಹೈಕೋರ್ಟಿನ ನ್ಯಾಯಾಧೀಶರೊಬ್ಬರು ಆ ಶಾಲೆಯ ಹೊಣೆ ಹೊತ್ತುದರಿಂದ ಅದನ್ನು ಹೀಗಳೆಯುತ್ತಿದ್ದವರ ಬಾಯಿ ಎಷ್ಟೋ ಮಟ್ಟಿಗೆ ಕಟ್ಟಿತು. ಮುಂದೆ ಅವರು ಇಂದೂರು ಸಂಸ್ಥಾನದ ದಿವಾನರಾಗಿ ಸ್ವಲ್ಪ ಕಾಲವಿದ್ದರು. 1921ರಲ್ಲಿ ಮುಂಬಯಿ ಶಾಸನಸಭೆಯ ಅಧ್ಯಕ್ಷ ಪೀಠವನ್ನೇರಿದರು. 1923ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ನಿಧನ ಹೊಂದಿದರು.

ಅವರು ಕಣ್ಮುಚ್ಚಿದಾಗ ಹೈಕೋರ್ಟಿನ ಎರಡು ಬಾಗಿಲುಗಳು ಹಾಗೆಯೇ ಇದ್ದುವು. 1926ರ ಶಾಸನವು ಬ್ಯಾರಿಸ್ಟರರಿಗೂ ವಕೀಲರಿಗೂ ಇದ್ದ ಅಂತರವನ್ನು ಬಹಳಮಟ್ಟಿಗೆ ಅಳಿಸಿತು. ಆದರೆ ಮುಂಬಯಿ, ಕಲ್ಕತ್ತೆಗಳ ಮೂಲ ವಿಭಾಗಗಳಲ್ಲಿ ಸಾಲಿಸಿಟರನ ಮೂಲಕವೇ ಹೋಗಬೇಕೆಂಬ ಕಟ್ಟಳೆ ಸ್ವಾತಂತ್ರ್ಯದ ಅನಂತರವೂ ಉಳಿದಿತ್ತು. 1976ರಲ್ಲಿ ವಕೀಲರ ಅಧಿನಿಯಮಕ್ಕೆ ತಿದ್ದುಪಡಿಯಾಗಿ ಅದು ರದ್ದಾಯಿತು. ಈ ಪದ್ಧತಿಯ ತವರಾದ ಇಂಗ್ಲೆಂಡಿನಲ್ಲಿ ಸಾಮಾನ್ಯ ಜನರು ಸಾಲಿಸಿಟರನಿಲ್ಲದೆ ಬ್ಯಾರಿಸ್ಟರನನ್ನು ನೇರವಾಗಿ ಗೊತ್ತುಮಾಡಿಕೊಳ್ಳಲು ವ್ಯಾಪಕವಾದ ಅವಕಾಶ ದೊರೆತುದು 2004ರಲ್ಲಿ. ಹೊನ್ನಾವರದ ಕಡೆಯ ರೈತನು ಅಪೀಲು ವಿಭಾಗದ ವಕೀಲರ ಜಗಲಿಯಲ್ಲಿ ಕುಳಿತು ತನ್ನ ವ್ಯಾಜ್ಯವನ್ನು ತಾನೇ ಹೇಳಿಕೊಳ್ಳತೊಡಗಿ ಆ ವೇಳೆಗೆ ನೂರು ವರ್ಷಗಳು ಕಳೆದುಹೋಗಿದ್ದುವು.