ದೇವರ ಗೊಡವೆಗೆ ಹೋಗದ ಕಾರಂತರು ಮಕ್ಕಳಿಗೆ ಬಿಟ್ಟುಹೋದ ಬೆರಗು

ಬಾಳ್ಳುಪೇಟೆ: ಡಿಸೆಂಬರ್ ಎಂದರೆ ಸಕಲೇಶಪುರ, ಆಲೂರು ಸೀಮೆಯಲ್ಲಿ ಕಾಫಿ ಕೊಯ್ಲಿನ ಕಾಲ. ಅರೇಬಿಕಾ ಹಣ್ಣು ಕೆಂಪೇರಿ ಕಣ ಸೇರುವ ಹೊತ್ತಿಗೇ ಹೆದ್ದಾರಿ ಬದಿಯ ಅಂಗಡಿಗಳಲ್ಲಿ ಕಾಗದದ ನಕ್ಷತ್ರಗಳೂ ಕೆಂಪು ಟೋಪಿಗಳೂ ತೂಗತೊಡಗುತ್ತವೆ. ಕ್ರೈಸ್ತರ ಮನೆಗಳಲ್ಲಿ ಗೋದಲಿ ಸಿದ್ಧವಾಗುತ್ತದೆ. ಇಂಗ್ಲಿಷ್ ಮಾಧ್ಯಮದ ಶಾಲೆಗಳಲ್ಲಿ ಹತ್ತಿಯ ಗಡ್ಡ ಅಂಟಿಸಿಕೊಂಡ ಸಾಂತಾಕ್ಲಾಸ್ ಬಂದು ಚಾಕೊಲೇಟ್ ಹಂಚುತ್ತಾನೆ. ಜಾತಿ ಮತಗಳ ಭೇದವಿಲ್ಲದೆ ಮಕ್ಕಳೆಲ್ಲರೂ ಕೈಚಾಚುತ್ತಾರೆ.

ಮನೆಗೆ ಮರಳಿದ ಮಗು ಕ್ರಿಸ್‌ಮಸ್ ತಾತ ನಮ್ಮ ಮನೆಗೂ ಬರುತ್ತಾನೆಯೇ ಎಂದು ಕೇಳಿದಾಗ ಉತ್ತರಿಸುವುದು ಎಲ್ಲರಿಗೂ ಸುಲಭವಲ್ಲ. ಆಸ್ತಿಕರಿಗೆ ಇದು ಹಬ್ಬದ ಮಾತು. ಆದರೆ ದೇವರನ್ನೂ ಪವಾಡವನ್ನೂ ಮನೆಯಿಂದ ಹೊರಗಿಟ್ಟ ತಂದೆತಾಯಿಗೆ ಇದು ಧರ್ಮಸಂಕಟ. ಹೌದೆಂದರೆ ತಾವೇ ಒಂದು ಸುಳ್ಳನ್ನು ಬಿತ್ತಿದಂತೆ. ಇಲ್ಲವೆಂದರೆ ಎಳೆಯ ಮನಸ್ಸಿನ ಹಬ್ಬವನ್ನು ಕಿತ್ತುಕೊಂಡಂತೆ.

ಈ ಸಂಕಟಕ್ಕೆ ಬೆಳಕು ಬೇಕಾದವರು ಶಿರಾಡಿ ಘಾಟಿಯನ್ನು ಇಳಿದು, ಉಪ್ಪಿನಂಗಡಿಯಿಂದ ಪುತ್ತೂರಿನ ಕಡೆಗೆ ತಿರುಗಬಹುದು. ಅಲ್ಲಿಯ ಬಾಲವನದಲ್ಲಿ ಹಲವು ದಶಕ ಬಾಳಿದ ಕೋಟ ಶಿವರಾಮ ಕಾರಂತರು ತಿಳಿಯದ ಸಂಗತಿಯನ್ನು ತಿಳಿದವರಂತೆ ನಂಬಲು ಒಪ್ಪದ ಅಜ್ಞೇಯತಾವಾದಿ. ನಾಲ್ವರು ಮಕ್ಕಳ ತಂದೆ. ಅಷ್ಟೇ ಅಲ್ಲ, ನಾಡಿನ ಮಕ್ಕಳಿಗಾಗಿ ತಮ್ಮ ಬದುಕಿನ ಬಹುಪಾಲು ಶ್ರಮವನ್ನು ಧಾರೆಯೆರೆದವರು.

ತಾತನ ಪೂರ್ವಾಪರ

ಸಾಂತಾಕ್ಲಾಸ್ ಸಂಪೂರ್ಣ ಕಲ್ಪನೆಯ ಕೂಸೇನಲ್ಲ. ಈಗಿನ ತುರ್ಕಿಯಲ್ಲಿರುವ ಮೈರಾ ಎಂಬ ಊರಿನಲ್ಲಿ ನಾಲ್ಕನೇ ಶತಮಾನದಲ್ಲಿ ನಿಕೋಲಸ್ ಎಂಬ ಬಿಷಪ್ ಇದ್ದರೆಂದೂ ಬಡವರಿಗೆ ಗುಟ್ಟಾಗಿ ದಾನ ಮಾಡುತ್ತಿದ್ದರೆಂದೂ ಪ್ರತೀತಿ. ಆ ಸಂತನ ಹೆಸರು ಡಚ್ಚರ ನಾಲಿಗೆಯಲ್ಲಿ ಸಿಂಟರ್‌ಕ್ಲಾಸ್ ಆಗಿ ಅಮೆರಿಕವನ್ನು ತಲುಪಿತು. ಹತ್ತೊಂಬತ್ತನೇ ಶತಮಾನದ ಕವಿಗಳೂ ಚಿತ್ರಕಾರರೂ ಅದಕ್ಕೆ ಇಂದಿನ ರೂಪ ಕೊಟ್ಟರು. 1897ರಲ್ಲಿ ಎಂಟು ವರ್ಷದ ವರ್ಜೀನಿಯಾ ಒ'ಹ್ಯಾನ್ಲನ್ ಎಂಬ ಬಾಲಕಿ ಸಾಂತಾಕ್ಲಾಸ್ ಇರುವುದು ನಿಜವೇ ಎಂದು ನ್ಯೂಯಾರ್ಕಿನ 'ಸನ್' ಪತ್ರಿಕೆಗೆ ಪತ್ರ ಬರೆದು ವಿಚಾರಿಸಿದಳು. ಪತ್ರಿಕೆಯ ಸಂಪಾದಕೀಯ ಇದ್ದಾನೆಂದೇ ಉತ್ತರಿಸಿತು. ಆ ಉತ್ತರ ಸರಿಯೇ ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ.

ನಮ್ಮಲ್ಲಿಯೂ ಇಂಥ ಸಂಗತಿಗಳು ಹೊಸವಲ್ಲ. ಅನ್ನ ಉಣ್ಣದ ಮಗುವಿಗೆ ಗುಮ್ಮನನ್ನು ತೋರಿಸದ ತಾಯಂದಿರು ವಿರಳ. ಸಾಂತಾಕ್ಲಾಸ್ ಉಡುಗೊರೆಯ ಆಸೆ ಹುಟ್ಟಿಸಿದರೆ ಗುಮ್ಮ ಹೆದರಿಕೆ ಹುಟ್ಟಿಸುತ್ತಾನೆ. ಇಬ್ಬರನ್ನೂ ಮಗುವನ್ನು ಹದ್ದಿನಲ್ಲಿಡುವ ಕೆಲಸಕ್ಕೆ ಹಚ್ಚುವವರು ಹಿರಿಯರೇ.

ಕೋಟದಿಂದ ಪುತ್ತೂರಿಗೆ

ಕಾರಂತರು ಹುಟ್ಟಿದ್ದು 1902ರ ಅಕ್ಟೋಬರ್ 10ರಂದು, ಉಡುಪಿ ಬಳಿಯ ಕೋಟದಲ್ಲಿ. ತಂದೆ ಶೇಷ ಕಾರಂತರು, ತಾಯಿ ಲಕ್ಷ್ಮಮ್ಮ. ಮಡಿ, ಮೈಲಿಗೆ, ವ್ರತ, ಪೂಜೆಗಳು ಉಸಿರಾಟದಷ್ಟೇ ಸಹಜವಾಗಿದ್ದ ಬ್ರಾಹ್ಮಣ ಪರಿಸರವದು. ಮಂಗಳೂರಿನಲ್ಲಿ ಕಾಲೇಜು ಓದುತ್ತಿದ್ದ ತರುಣ ಗಾಂಧೀಜಿಯವರ ಅಸಹಕಾರದ ಕರೆಗೆ ಓಗೊಟ್ಟು 1921ರಲ್ಲಿ ವಿದ್ಯಾಭ್ಯಾಸಕ್ಕೆ ಶರಣು ಹೊಡೆದರು. ಖಾದಿ ಪ್ರಚಾರಕ್ಕೆಂದು ಊರೂರು ಅಲೆದರು. 'ವಸಂತ' ಎಂಬ ಮಾಸಪತ್ರಿಕೆಯನ್ನು ನಡೆಸಿದರು.

ಯಾರೋ ಹೇಳಿದರೆಂದು ಯಾವುದನ್ನೂ ಒಪ್ಪಿಕೊಳ್ಳದಿರುವುದು ಅವರ ಹುಟ್ಟುಗುಣ. ಗಾಂಧೀಜಿಯವರ ಮೇಲಿನ ಗೌರವವೂ ಈ ಗುಣವನ್ನು ಅಳಿಸಲಿಲ್ಲ. ನಾಟಕ, ಚಿತ್ರಕಲೆ, ನೃತ್ಯ, ಮುದ್ರಣ, ಶಿಕ್ಷಣಗಳನ್ನೆಲ್ಲ ತಾವೇ ಕೈಹಾಕಿ ಮಾಡಿ, ಕೆಲವೊಮ್ಮೆ ಕೈಸುಟ್ಟುಕೊಂಡು ಕಲಿತರು. ಆತ್ಮಕಥೆಗೆ 'ಹುಚ್ಚು ಮನಸ್ಸಿನ ಹತ್ತು ಮುಖಗಳು' ಎಂದು ಅವರು ಹೆಸರಿಟ್ಟಿದ್ದು ಸುಮ್ಮನೆ ಅಲ್ಲ.

1936ರಲ್ಲಿ ಬಂಟ ಸಮಾಜದ ಲೀಲಾ ಆಳ್ವರನ್ನು ವಿವಾಹವಾದರು. ಜಾತಿಯ ಗೋಡೆ ಗಟ್ಟಿಯಾಗಿದ್ದ ಕಾಲದಲ್ಲಿ ಇದು ಸಣ್ಣ ಧೈರ್ಯವಲ್ಲ. ಮರಾಠಿಯಲ್ಲಿ ಓದಿದ್ದ ಲೀಲಾ ಮದುವೆಯ ಬಳಿಕ ಕನ್ನಡ ಕಲಿತು, ಮರಾಠಿ ಕಾದಂಬರಿಯೊಂದನ್ನು ಕನ್ನಡಕ್ಕೆ ತಂದರು; ಪತಿಯ ಗೀತನಾಟಕಗಳಲ್ಲಿ ನರ್ತಿಸಿದರು. ಹರ್ಷ, ಮಾಳವಿಕಾ, ಉಲ್ಲಾಸ, ಕ್ಷಮಾ ಈ ದಂಪತಿಯ ಮಕ್ಕಳು.

ಬಾಲವನದ ಪ್ರಯೋಗ

ಪುತ್ತೂರಿನ ಗುಡ್ಡದ ಮೇಲೆ 1930ರ ದಶಕದಲ್ಲಿ ಕಾರಂತರು ಕಟ್ಟಿದ ಬಾಲವನ ಮಕ್ಕಳ ಶಿಕ್ಷಣದ ಪ್ರಯೋಗಶಾಲೆಯಾಗಿತ್ತು. ಬೆತ್ತ ಮತ್ತು ಬಾಯಿಪಾಠಗಳಿಗೆ ಬದಲಾಗಿ ಆಟ, ಹಾಡು, ಕುಣಿತ, ಗಿಡಮರಗಳ ಒಡನಾಟದಿಂದ ಮಗು ಕಲಿಯಬೇಕೆಂಬುದು ಅದರ ಆಶಯ.

1936ರಲ್ಲಿ ಹೊರಬಂದ 'ಬಾಲಪ್ರಪಂಚ'ದ ಮೂರು ಸಂಪುಟಗಳು ಇದೇ ಆಶಯದ ಫಲ. ಕನ್ನಡದ ಮಕ್ಕಳಿಗೆ ಭೂಮಿ, ಆಕಾಶ, ಪ್ರಾಣಿ, ಯಂತ್ರಗಳ ವಿವರವನ್ನು ತಿಳಿಗನ್ನಡದಲ್ಲಿ, ಚಿತ್ರಸಹಿತವಾಗಿ ಒದಗಿಸಿದ ಈ ವಿಶ್ವಕೋಶವನ್ನು ಅವರು ಬಹುಮಟ್ಟಿಗೆ ಒಬ್ಬಂಟಿಯಾಗಿಯೇ ಸಿದ್ಧಪಡಿಸಿದರು. ಮುಂದೆ ದೊಡ್ಡವರಿಗಾಗಿ 'ವಿಜ್ಞಾನ ಪ್ರಪಂಚ'ದ ನಾಲ್ಕು ಸಂಪುಟಗಳನ್ನು ಬರೆದರು. ಮಳೆ ಏಕೆ ಬರುತ್ತದೆಂದು ಕೇಳುವ ಮಗುವಿಗೆ ಇಂದ್ರನ ಕೃಪೆಯೆಂದು ಹೇಳಿ ಸುಮ್ಮನಾಗಿಸುವ ಹಿರಿಯರ ನಡುವೆ, ಮೋಡ ಕಟ್ಟುವ ಬಗೆಯನ್ನು ವಿವರಿಸುವ ಪುಸ್ತಕವನ್ನು ಆ ಮಗುವಿನ ಕೈಗಿಟ್ಟವರು ಕಾರಂತರು.

ಆದರೆ ಅದೇ ಲೇಖನಿ 'ಮಂಗನ ಮದುವೆ', 'ಹುಲಿರಾಯ', 'ಢಂಢಂ ಢೋಲು' ಮೊದಲಾದ ಮಕ್ಕಳ ಪುಸ್ತಕಗಳನ್ನೂ ಬರೆಯಿತು. ಮಂಗಗಳಿಗೆ ಮದುವೆಯಾಗುವುದಿಲ್ಲವೆಂಬುದು ವಿಶ್ವಕೋಶ ಬರೆದವರಿಗೆ ತಿಳಿಯದ ಸಂಗತಿಯೇ? ತಿಳಿವಳಿಕೆಗೂ ಕಥೆಗೂ ಜಗಳವಿದೆಯೆಂದು ಅವರು ಭಾವಿಸಲಿಲ್ಲ. ಮಗುವಿನ ಪ್ರಶ್ನೆಗೆ ಬಾಲಪ್ರಪಂಚ. ಮಗುವಿನ ಕನಸಿಗೆ ಮಂಗನ ಮದುವೆ. ಒಂದರ ಜಾಗದಲ್ಲಿ ಇನ್ನೊಂದನ್ನು ಕೂರಿಸಿ ಮೋಸ ಮಾಡಲಿಲ್ಲ, ಅಷ್ಟೇ.

ಹಬ್ಬಗಳ ವಿಷಯದಲ್ಲಿಯೂ ಅವರ ನಡೆ ಇಂಥದ್ದೇ. ಸಹಕಾರಿ ಧುರೀಣ ಮೊಳಹಳ್ಳಿ ಶಿವರಾಯರೊಂದಿಗೆ ಸೇರಿ ಪುತ್ತೂರಿನ ದಸರೆಯನ್ನು ನಾಡಹಬ್ಬವಾಗಿ ರೂಪಿಸಿದರು. ಪೂಜೆಯಲ್ಲಿ ನಂಬಿಕೆಯಿಲ್ಲವೆಂದು ಹಬ್ಬವನ್ನೇ ಬಿಡಲಿಲ್ಲ. ಅದಕ್ಕೆ ಉಪನ್ಯಾಸ, ನಾಟಕ, ಸಂಗೀತಗಳನ್ನು ತುಂಬಿ ಊರಿನ ಸೊತ್ತನ್ನಾಗಿ ಮಾಡಿದರು.

ಚೌಕಿಯೊಳಗಿನ ಪಾಠ

ದೇವರ ಗೊಡವೆಗೆ ಹೋಗದ ಈ ವ್ಯಕ್ತಿ ದೇವದಾನವರೇ ತುಂಬಿದ ಯಕ್ಷಗಾನಕ್ಕೆ ದಶಕಗಳನ್ನು ಮೀಸಲಿಟ್ಟದ್ದು ಹಲವರಿಗೆ ಒಗಟಾಗಿ ಕಂಡಿದೆ. ಹಳೆಯ ಭಾಗವತರನ್ನೂ ವೇಷಧಾರಿಗಳನ್ನೂ ಹುಡುಕಿಕೊಂಡು ಹೋಗಿ, ತಾಳ, ರಾಗ, ಕುಣಿತ, ಬಣ್ಣಗಳನ್ನು ದಾಖಲಿಸಿ ಬರೆದ 'ಯಕ್ಷಗಾನ ಬಯಲಾಟ' ಕೃತಿಗೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಲಭಿಸಿತು. ಬಳಿಕ ಅವರೇ ತಂಡ ಕಟ್ಟಿ ವಿದೇಶಗಳಲ್ಲಿಯೂ ಪ್ರದರ್ಶಿಸಿದರು.

ಕರಾವಳಿಯ ಮಕ್ಕಳು ಆಟಕ್ಕೆ ಹೋದಾಗ ಮೊದಲು ಇಣುಕುವುದು ಚೌಕಿಗೆ. ಸಂಜೆ ಅಂಗಡಿಯ ಮುಂದೆ ಚಹಾ ಕುಡಿಯುತ್ತಿದ್ದ ವ್ಯಕ್ತಿ ಅಲ್ಲಿ ಕನ್ನಡಿ ಹಿಡಿದು ಕುಳಿತು ಮುಖಕ್ಕೆ ಬಣ್ಣ ಬಳಿದುಕೊಳ್ಳುತ್ತಿರುತ್ತಾನೆ. ಕಿರೀಟ ಕಟ್ಟುವುದನ್ನೂ ಮಗು ಕಣ್ಣಾರೆ ಕಾಣುತ್ತದೆ. ನಡುರಾತ್ರಿ ಚೆಂಡೆಯ ಅಬ್ಬರದೊಂದಿಗೆ ಅದೇ ವ್ಯಕ್ತಿ ರಾಕ್ಷಸನಾಗಿ ರಂಗಕ್ಕೆ ನುಗ್ಗಿದಾಗ ಅದೇ ಮಗು ಅಮ್ಮನ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತದೆ. ವೇಷವೆಂದು ಗೊತ್ತು, ಆದರೂ ಬೆರಗು ತಗ್ಗದು. ಅಲ್ಲಿ ಯಾರೂ ಯಾರಿಗೂ ಸುಳ್ಳು ಹೇಳಿರುವುದಿಲ್ಲ.

ಸಾಂತಾಕ್ಲಾಸನನ್ನು ಮನೆಗೆ ಕರೆಯುವ ದಾರಿಯೂ ಇದೇ ಆಗಬಹುದು. ಹತ್ತಿಯ ಗಡ್ಡವನ್ನು ಮಗುವೇ ಅಂಟಿಸಲಿ, ಕೆಂಪು ಟೋಪಿಯನ್ನು ತಾನೂ ಧರಿಸಿ ಇತರರಿಗೆ ಮಿಠಾಯಿ ಹಂಚಲಿ. ಚೌಕಿಯ ಬಾಗಿಲು ತೆರೆದಿರುವ ಮನೆಯಲ್ಲಿ ಮುಂದೊಂದು ದಿನ ಗುಟ್ಟು ರಟ್ಟಾಗಿ ಮಗು ನೊಂದುಕೊಳ್ಳುವ ಪ್ರಸಂಗವೇ ಬಾರದು.

ಹೆದರಿಕೆಯ ನಂಬಿಕೆ

ನಂಬಿಕೆಯ ಇನ್ನೊಂದು ಮುಖವನ್ನೂ ಕಾರಂತರು ಬಲ್ಲವರಾಗಿದ್ದರು. 1933ರ 'ಚೋಮನ ದುಡಿ'ಯಲ್ಲಿ ಜೀತದಾಳು ಚೋಮನ ಮಕ್ಕಳು ತಂದೆಯ ಸಾಲ ತೀರಿಸಲು ಹೋಗುವುದು ಘಟ್ಟದ ಕಾಫಿ ತೋಟಕ್ಕೇ. ಒಬ್ಬ ಮಗ ಜ್ವರಕ್ಕೆ ಬಲಿಯಾಗುತ್ತಾನೆ, ಇನ್ನೊಬ್ಬ ಕ್ರೈಸ್ತ ಹುಡುಗಿಯನ್ನು ವರಿಸಿ ಅಲ್ಲಿಯೇ ಉಳಿಯುತ್ತಾನೆ. ಉಳುವುದಕ್ಕೆ ತುಂಡು ನೆಲ ಸಿಕ್ಕೀತೆಂದು ಮತಾಂತರಕ್ಕೆ ಹೊರಟ ಚೋಮನನ್ನು ಹಾದಿಯಲ್ಲಿ ಪಂಜುರ್ಲಿ ಭೂತದ ಭಯ ತಡೆದು ಹಿಂದಕ್ಕೆ ಕಳುಹಿಸುತ್ತದೆ. ಎಳವೆಯಲ್ಲಿ ಊರಿದ ಹೆದರಿಕೆ ಮುಪ್ಪಿನಲ್ಲಿಯೂ ಕಾಲು ಕಟ್ಟಿಹಾಕುವ ಬಗೆ ಅಲ್ಲಿ ಕಣ್ಣಿಗೆ ಕಟ್ಟುವಂತಿದೆ.

ಆದುದರಿಂದ ಪ್ರಶ್ನೆ ಸಾಂತಾಕ್ಲಾಸ್ ಇರಬೇಕೇ ಬೇಡವೇ ಎಂಬುದಕ್ಕಿಂತ, ಅವನನ್ನು ಯಾವ ಕೆಲಸಕ್ಕೆ ಬಳಸುತ್ತೇವೆ ಎಂಬುದು. ಒಳ್ಳೆಯ ಮಕ್ಕಳಿಗೆ ಮಾತ್ರ ಉಡುಗೊರೆ ಕೊಡುವ, ಮರೆಯಲ್ಲಿ ನಿಂತು ತಪ್ಪು ಒಪ್ಪುಗಳ ಲೆಕ್ಕ ಬರೆಯುವ ತಾತ ಕೆಂಪು ಟೋಪಿ ತೊಟ್ಟ ಗುಮ್ಮನೇ ಸರಿ.

ಕಾಫಿ ಸೀಮೆಯಲ್ಲಿ ಈ ಮಾತಿಗೆ ಮತ್ತಷ್ಟು ತೂಕವಿದೆ. ತೋಟದ ಮಾಲೀಕರ ಮಗುವಿಗೆ ತಾತ ಸೈಕಲ್ಲು ತಂದನೆಂದೂ ಲೈನ್ ಮನೆಯ ಮಗುವಿಗೆ ಏನೂ ತರಲಿಲ್ಲವೆಂದೂ ಆದರೆ, ಆ ಎರಡನೆಯ ಮಗು ತಾನು ಒಳ್ಳೆಯವನಲ್ಲವೆಂದು ತಿಳಿಯಬೇಕೇ? ಸೈಕಲ್ಲು ತಂದದ್ದು ಅಪ್ಪನ ದುಡ್ಡು ಎಂಬ ನಿಜ ಇಬ್ಬರು ಮಕ್ಕಳಿಗೂ ಹಿತ. ಕಥೆಯ ಹೆಸರಿನಲ್ಲಿ ಬಡತನಕ್ಕೆ ಅಪರಾಧದ ಬಣ್ಣ ಬಳಿಯುವ ಹಕ್ಕು ಆಸ್ತಿಕರಿಗೂ ಇಲ್ಲ, ನಾಸ್ತಿಕರಿಗೂ ಇಲ್ಲ.

ಮೂಕಜ್ಜಿಯ ದಾರಿ

ದೇವರು, ಭಕ್ತಿ, ಸೃಷ್ಟಿಗಳ ಕುರಿತ ಕಾರಂತರ ಚಿಂತನೆ 1945ರ 'ಬಾಳ್ವೆಯೇ ಬೆಳಕು' ಕೃತಿಯಿಂದ 1968ರ 'ಮೂಕಜ್ಜಿಯ ಕನಸುಗಳು' ಕಾದಂಬರಿಯವರೆಗೆ ಹರಿದು ಬಂತು. ಬಾಲವಿಧವೆಯಾದ ಮುದುಕಿಯೊಬ್ಬಳು ಮೊಮ್ಮಗ ಸುಬ್ಬರಾಯನ ಪ್ರಶ್ನೆಗಳಿಗೆ ಉತ್ತರಿಸುತ್ತ, ಮನುಷ್ಯ ಕಾಲಕಾಲಕ್ಕೆ ದೇವರುಗಳನ್ನು ರೂಪಿಸಿಕೊಂಡ ಕಥೆಯನ್ನು ಬಿಚ್ಚಿಡುತ್ತಾಳೆ. ಅಜ್ಜಿ ಮೊಮ್ಮಗನ ಪ್ರಶ್ನೆಯನ್ನು ಗದರುವುದಿಲ್ಲ, ನಂಬುವವರನ್ನು ಹಳಿಯುವುದೂ ಇಲ್ಲ. ಈ ಕೃತಿಗೆ 1977ರ ಸಾಲಿನ ಜ್ಞಾನಪೀಠ ಪ್ರಶಸ್ತಿ ಸಂದಿತು.

ನಂಬಿದ ಮಾತನ್ನು ನಡೆಯಲ್ಲಿ ತೋರಿಸುವುದನ್ನು ಅವರು ಬಿಡಲಿಲ್ಲ. ತುರ್ತುಪರಿಸ್ಥಿತಿಯನ್ನು ಪ್ರತಿಭಟಿಸಿ ಪದ್ಮಭೂಷಣವನ್ನು ಹಿಂದಿರುಗಿಸಿದರು. ಕೈಗಾ ಅಣುಸ್ಥಾವರವನ್ನು ವಿರೋಧಿಸಿ 1989ರಲ್ಲಿ ಲೋಕಸಭಾ ಚುನಾವಣೆಗೆ ನಿಂತು ಸೋತರು. ಹಿರಿಯ ಮಗ ಹರ್ಷನನ್ನು ಎಳೆಯ ಪ್ರಾಯದಲ್ಲಿಯೇ ಕಳೆದುಕೊಂಡ ದುಃಖವನ್ನೂ 1986ರಲ್ಲಿ ಪತ್ನಿಯ ಅಗಲಿಕೆಯನ್ನೂ ಉಂಡ ಈ ಜೀವ, ಬರವಣಿಗೆಯನ್ನು ಮಾತ್ರ ನಿಲ್ಲಿಸಲಿಲ್ಲ.

ಮಗಳು ಮಾಳವಿಕಾ ಕಪೂರ್ ಮಕ್ಕಳ ಮನಸ್ಸನ್ನು ಅಭ್ಯಸಿಸುವ ಮನೋವಿಜ್ಞಾನಿಯಾಗಿಯೂ ಮಗ ಉಲ್ಲಾಸ ಕಾರಂತ ಹುಲಿಗಳನ್ನು ಅಭ್ಯಸಿಸುವ ವನ್ಯಜೀವಿ ವಿಜ್ಞಾನಿಯಾಗಿಯೂ ಹೆಸರಾದರು. 2021ರಲ್ಲಿ ಅವರಿಬ್ಬರೂ ತಂಗಿ ಕ್ಷಮಾ ರಾವ್ ಅವರೊಂದಿಗೆ ಸೇರಿ ತಂದೆಯ ನೆರಳಿನಲ್ಲಿ ಬೆಳೆದ ದಿನಗಳನ್ನು ಇಂಗ್ಲಿಷಿನಲ್ಲಿ ಪುಸ್ತಕವಾಗಿ ಹೊರತಂದರು.

1997ರ ಡಿಸೆಂಬರ್ 9ರಂದು, ಊರೂರಿನ ಅಂಗಡಿಗಳಲ್ಲಿ ನಕ್ಷತ್ರಗಳು ತೂಗತೊಡಗುವ ದಿನಗಳಲ್ಲಿಯೇ, ಕಾರಂತರು ಕಣ್ಮುಚ್ಚಿದರು. 95ರ ಹರೆಯದಲ್ಲಿ ಅವರು ಬರೆದದ್ದು ಹಕ್ಕಿಗಳನ್ನು ಕುರಿತ ಪುಸ್ತಕ. ಅದು 2002ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆಯಿಂದ ಪ್ರಕಟವಾಯಿತು. ಪವಾಡವನ್ನು ಒಪ್ಪದ ಮನಸ್ಸಿಗೂ ಬೆರಗಿನ ಬರ ಬರಲಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಈ ಡಿಸೆಂಬರಿನಲ್ಲಿಯೂ ಮಗು ಕೇಳುತ್ತದೆ. ಆಟವಾಡಲು ಬಯಸಿ ಕೇಳಿದರೆ ಅದರೊಡನೆ ಆಡಬಹುದು. ನಿಜ ತಿಳಿಯಲು ಬಯಸಿ ಕೇಳಿದರೆ ನಿಜವನ್ನೇ ಹೇಳಬೇಕು. ಎರಡರ ವ್ಯತ್ಯಾಸ ಮಗುವಿನ ದನಿಯಲ್ಲಿಯೇ ಇರುತ್ತದೆ. ಅದನ್ನು ಕೇಳಿಸಿಕೊಳ್ಳುವ ವ್ಯವಧಾನ ಹಿರಿಯರಿಗೆ ಇರಬೇಕು.