ಮೆರವಣಿಗೆಯ ಸ್ಯಾಕ್ಸೋಫೋನು ಮತ್ತು ಜಾನ್ ಕೋಲ್ಟ್ರೇನ್

ಕಂಪ್ಲಿಯಲ್ಲಿ ಗೆಳೆಯನ ತಂಗಿ ಮದುವೆ. ಮೆರವಣಿಗೆ ಮುಂದೆ ಬ್ಯಾಂಡಿನವರು. ಅದರಲ್ಲಿ ವಯಸ್ಸಾದ ಒಬ್ಬರು ಸ್ಯಾಕ್ಸೋಫೋನ್ ಊದ್ತಿದ್ರು. ಒಂದು ಸಿನಿಮಾ ಹಾಡು ಮುಗಿದು ಇನ್ನೊಂದು ಶುರುವಾಗೋ ನಡುವೆ, ಅರ್ಧ ನಿಮಿಷ, ತಮ್ಮ ಪಾಡಿಗೆ ತಾವು ಎಲ್ಲಿಗೋ ಹೋಗಿಬಂದರು. ಕುಣಿಯೋ ಹುಡುಗರು ರೇಗಿದರು, ಹಾಡು ಬೇಕು ಅಂದರು. ಊಟಕ್ಕೆ ಬ್ಯಾಂಡಿನವರದು ಕೊನೇ ಪಂಕ್ತಿ. ಆ ಅರ್ಧ ನಿಮಿಷ ಕೇಳಿದಾಗ ನನಗೆ ನೆನಪಾದದ್ದು ಜಾನ್ ಕೋಲ್ಟ್ರೇನ್.

ಅಮೆರಿಕದ ಜಾಝ್ ಸ್ಯಾಕ್ಸೋಫೋನ್ ವಾದಕ. ಹುಟ್ಟಿದ್ದು 1926ರ ಸೆಪ್ಟೆಂಬರ್ 23, ನಾರ್ತ್ ಕೆರೊಲಿನಾದಲ್ಲಿ. ಬಿಳಿಯರಿಗೊಂದು ಶಾಲೆ, ಕಪ್ಪುಜನರಿಗೊಂದು ಶಾಲೆ ಇದ್ದ ಸೀಮೆ ಅದು. ಇಬ್ಬರು ಅಜ್ಜಂದಿರೂ ಚರ್ಚಿನ ಪಾದ್ರಿಗಳು, ಅಪ್ಪ ದರ್ಜಿ. ಹನ್ನೆರಡರ ವಯಸ್ಸಲ್ಲಿ ಅಪ್ಪನನ್ನು ಕಳಕೊಂಡ. ಫಿಲಡೆಲ್ಫಿಯಾ, ನೌಕಾಪಡೆ, ಸಣ್ಣಪುಟ್ಟ ಬ್ಯಾಂಡುಗಳು, ಕೊನೆಗೆ 1955ರಲ್ಲಿ ಮೈಲ್ಸ್ ಡೇವಿಸ್ ತಂಡ. ಹೆರಾಯಿನ್ ಚಟಕ್ಕೆ 1957ರಲ್ಲಿ ಅಲ್ಲಿಂದ ಹೊರಬಿದ್ದ. ಅದೇ ವರ್ಷ ಚಟ ಬಿಟ್ಟ. ಆಮೇಲಿನ ಹತ್ತೇ ವರ್ಷದಲ್ಲಿ ಆತ ಮಾಡಿದ್ದನ್ನು ಜನ ಇವತ್ತಿಗೂ ಕೇಳ್ತಿದ್ದಾರೆ.

1963ರ ಸೆಪ್ಟೆಂಬರಿನಲ್ಲಿ ಅಲಬಾಮಾದ ಬರ್ಮಿಂಗ್‌ಹ್ಯಾಮಿನ ಕಪ್ಪುಜನರ ಚರ್ಚಿಗೆ ಬಿಳಿಯ ಜನಾಂಗದ್ವೇಷಿಗಳು ಬಾಂಬಿಟ್ಟರು. ನಾಲ್ಕು ಹುಡುಗಿಯರು ಸತ್ತರು. ಎರಡು ತಿಂಗಳಲ್ಲಿ ಕೋಲ್ಟ್ರೇನ್ 'ಅಲಬಾಮಾ' ನುಡಿಸಿದ. ಒಂದು ಪದವಿಲ್ಲ, ಘೋಷಣೆ ಇಲ್ಲ. ಪೋಸ್ಟರ್ ಬರೆದು ಬರೆದು ರೂಢಿಯಾದ ನನ್ನಂಥವರಿಗೆ ಅದನ್ನು ಕೇಳೋದು ಸ್ವಲ್ಪ ಕಷ್ಟವೇ.

1965ರ ಜೂನಿನಲ್ಲಿ ಹನ್ನೊಂದು ಜನರನ್ನು ಕೂಡಿಸಿ ಸುಮಾರು ನಲವತ್ತು ನಿಮಿಷದ 'ಅಸೆನ್ಷನ್' ಮಾಡಿದ. ರಾಗ ಹಿಡಿಯೋಕೆ ಹೋದರೆ ಸಿಗಲ್ಲ. 'ಎ ಲವ್ ಸುಪ್ರೀಮ್' ಮೆಚ್ಚಿದ್ದವರಲ್ಲಿ ಎಷ್ಟೋ ಜನ ಇದು ಬರೀ ಗದ್ದಲ ಅಂತ ಎದ್ದುಹೋದರು. ತನ್ನ ಪಿಯಾನೋ ತನಗೇ ಕೇಳಿಸ್ತಿಲ್ಲ ಅಂತ ಮೆಕಾಯ್ ಟೈನರ್ ತಂಡ ಬಿಟ್ಟ. 1966ರ ಆರಂಭದಲ್ಲಿ ಡ್ರಮ್ಮರ್ ಎಲ್ವಿನ್ ಜೋನ್ಸ್ ಕೂಡ ಹೋದ. ಕೋಲ್ಟ್ರೇನ್ ಹಿಂದಕ್ಕೆ ಬರಲಿಲ್ಲ. ಹೆಂಡತಿ ಆಲಿಸ್ ಪಿಯಾನೋಗೆ ಕೂತಳು. ಆ ಜುಲೈನಲ್ಲಿ ಜಪಾನಿಗೆ ಹೋದಾಗ ನಾಗಾಸಾಕಿಯ ಸ್ಮಾರಕದ ಮುಂದೆ ನಿಂತು ಪ್ರಾರ್ಥನೆ ಮಾಡಿದ.

ನಮ್ಮ ದೇಶದ ನಂಟೂ ಇದೆ. ರವಿಶಂಕರ್ ಮೇಲಿನ ಗೌರವಕ್ಕೆ 1965ರಲ್ಲಿ ಹುಟ್ಟಿದ ಮಗನಿಗೆ ರವಿ ಅಂತ ಹೆಸರಿಟ್ಟ. 1968ರಲ್ಲಿ ಹೊರಬಂದ 'ಓಂ' ಆಲ್ಬಮ್ಮಿನಲ್ಲಿ ಗೀತೆಯ ಸಾಲುಗಳ ಪಠಣವಿದೆ. ನಿಜ ಹೇಳ್ತೀನಿ, ನನಗೆ ಅದು ಅಷ್ಟಕ್ಕಷ್ಟೆ. ಗುಡಿ ಮೈಕಿನಲ್ಲಿ ದಿನಾ ಬೆಳಗ್ಗೆ ಗೀತೆ ಕೇಳಿದವನಿಗೆ ಅದರಲ್ಲಿ ನಿಗೂಢ ಏನೂ ಉಳಿದಿರಲ್ಲ.

ನನಗೆ ಹಿಡಿಸಿದ್ದು 'ಇಂಟರ್‌ಸ್ಟೆಲ್ಲರ್ ಸ್ಪೇಸ್'. 1967ರ ಫೆಬ್ರುವರಿಯ ರೆಕಾರ್ಡಿಂಗು, ರಶೀದ್ ಅಲಿ ಡ್ರಮ್ಸ್, ಕೋಲ್ಟ್ರೇನ್ ಸ್ಯಾಕ್ಸ್, ಮೂರನೆಯವರಿಲ್ಲ. ಮೊದಲ ಸಲ ಹೊಸಪೇಟೆಯಿಂದ ಸಂಡೂರಿಗೆ ಹೋಗೋ ಬಸ್ಸಿನಲ್ಲಿ ಕೇಳಿದೆ. ಐದು ನಿಮಿಷಕ್ಕೆ ಇಯರ್‌ಫೋನ್ ಕಿತ್ತು ಹಾಕಿದೆ. ಅದಿರು ಲಾರಿಗಳ ಹಾರ್ನು, ಕಿಟಕಿ ತುಂಬ ಕೆಂಪು ಧೂಳು. ಮತ್ತೆ ಹಾಕ್ಕೊಂಡೆ. ಒಂದೇ ಪ್ರಶ್ನೆಯನ್ನು ಹತ್ತು ಕಡೆಯಿಂದ ಕೇಳೋ ಮನುಷ್ಯ ಅವನು ಅಂತ ನಿಧಾನಕ್ಕೆ ಹೊಳೀತು. ರೆಕಾರ್ಡ್ ಮಾಡಿದ ಐದೇ ತಿಂಗಳಿಗೆ, ಜುಲೈ 17ರಂದು, ಯಕೃತ್ತಿನ ಕ್ಯಾನ್ಸರಿನಿಂದ ತೀರಿಕೊಂಡ. ನಲವತ್ತು ವಯಸ್ಸು. ಆಲ್ಬಮ್ ಬಂದದ್ದು 1974ರಲ್ಲಿ.

ಹಂಪಿಯ ವಿಠ್ಠಲ ಗುಡಿಯ ಕಂಬದಲ್ಲಿ ಸ್ವರ ಕೇಳೋಕೆ ಜನ ಎಲ್ಲೆಲ್ಲಿಂದಲೋ ಬರ್ತಾರೆ, ಮುಟ್ಟಬಾರದು ಅಂದರೂ ಕಿವಿ ಕೊಟ್ಟು ನಿಲ್ತಾರೆ. ಪಕ್ಕದ ಊರಿನ ಬ್ಯಾಂಡಿನವರಿಗೆ ಆ ಕಿವಿ ಸಿಗಲ್ಲ.

ಮದುವೆ ಆದ ತಿಂಗಳಿಗೆ ಆ ಹಿರಿಯರನ್ನು ಹುಡುಕಿಕೊಂಡು ಹೋಗಿ ಮೊಬೈಲಿನಲ್ಲಿ ಅದೇ ಆಲ್ಬಮ್ ಕೇಳಿಸಿದೆ. ಕಣ್ಣುಮುಚ್ಚಿ ಪೂರ್ತಿ ಒಂದು ತುಣುಕು ಕೇಳಿದರು. ಉಸಿರು ಎಲ್ಲಿ ತಗೋತಾನೆ ಇವನು ಅಂತ ಕೇಳಿದರು. ಇನ್ನೊಂದು ಸಲ ಹಾಕಿಸಿಕೊಂಡರು.