ಪದಕ ಗೆದ್ದ ಮೇಲೆ ಮತ್ತೆ ವಿದ್ಯಾರ್ಥಿಯಾದ ಹೆಬ್ಬಾರರು

ಪ್ಯಾರಿಸ್ಸಿನ ಅಕಾಡೆಮಿ ಜೂಲಿಯಾನ್ ಕಲಾಶಾಲೆಗೆ 1949ರಲ್ಲಿ ಕನ್ನಡಿಗರೊಬ್ಬರು ವಿದ್ಯಾರ್ಥಿಯಾಗಿ ಸೇರಿದರು. ವಯಸ್ಸು 38. ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತು, ಅಲ್ಲಿಯೇ ಐದು ವರ್ಷ ಕಲಿಸಿದವರು. ಎರಡು ವರ್ಷ ಹಿಂದಷ್ಟೇ ಬಾಂಬೆ ಆರ್ಟ್ ಸೊಸೈಟಿಯ ಸ್ವರ್ಣಪದಕಕ್ಕೆ ಪಾತ್ರರಾದವರು. ಅಂಥವರು ಮತ್ತೆ ತರಗತಿಯಲ್ಲಿ ಕುಳಿತು ರೇಖೆ ಎಳೆಯುವುದನ್ನು ಅಭ್ಯಾಸ ಮಾಡಲು ಹೊರಟಿದ್ದರು. ಅವರೇ ಕಟ್ಟಿಂಗೇರಿ ಕೃಷ್ಣ ಹೆಬ್ಬಾರ್, ಕಲಾಲೋಕದ ಕೆ.ಕೆ. ಹೆಬ್ಬಾರ್.

ಉಡುಪಿ ಸಮೀಪದ ಕಟ್ಟಿಂಗೇರಿಯಲ್ಲಿ 1911ರ ಜೂನ್ 15ರಂದು ಹೆಬ್ಬಾರರ ಜನನ. ತಂದೆಗೆ ಮಣ್ಣಿನ ಗಣಪತಿ ವಿಗ್ರಹಗಳನ್ನು ಮಾಡುವ ಹವ್ಯಾಸವಿತ್ತು. ಬಾಲಕನ ಕಣ್ಣಿಗೆ ಬಿದ್ದ ಬಣ್ಣಗಳೆಂದರೆ ಯಕ್ಷಗಾನದ ವೇಷ, ಭೂತಕೋಲದ ಅಣಿ, ಗದ್ದೆಯ ಹಸಿರು. ಇಂದು ಚಿಕ್ಕಮಗಳೂರು ಜಿಲ್ಲೆಯ ಚೌಳಹಿರಿಯೂರಿನಂಥ ಊರಿನ ಮಗುವಿಗೂ ಪ್ರತಿಭಾ ಕಾರಂಜಿಯ ಮೂಲಕ ಚಿತ್ರಕಲಾ ಸ್ಪರ್ಧೆಯೊಂದರ ಬಾಗಿಲು ತೆರೆದಿದೆ. ನೂರು ವರ್ಷಗಳ ಹಿಂದಿನ ಕರಾವಳಿಯ ಹಳ್ಳಿಯಲ್ಲಿ ಅಂಥ ಏರ್ಪಾಡು ಇರಲಿಲ್ಲ. ಚಿತ್ರ ಕಲಿಯಬೇಕೆಂದರೆ ಊರು ಬಿಡಬೇಕಿತ್ತು. ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯಲ್ಲಿ ಕೆಲಕಾಲ ಕಲಿತ ಹೆಬ್ಬಾರರು ಅನಂತರ ಮುಂಬಯಿ ಸೇರಿದರು. ಅಲ್ಲಿ ಕನ್ನಡಿಗ ಕಲಾಶಿಕ್ಷಕ ದಂಡಾವತಿಮಠರ ನೂತನ ಕಲಾಮಂದಿರ ಅವರಿಗೆ ಆಸರೆಯಾಯಿತು. 1938ರಲ್ಲಿ ಜೆ.ಜೆ. ಕಲಾಶಾಲೆಯ ಡಿಪ್ಲೊಮಾ ಕೈಸೇರಿತು.

ಆ ಕಾಲದ ಮುಂಬಯಿಯಲ್ಲಿ ಚಿತ್ರಕಾರನೊಬ್ಬ ಹೆಸರು ಮಾಡಲು ಇದ್ದ ಹೆದ್ದಾರಿ ಬಾಂಬೆ ಆರ್ಟ್ ಸೊಸೈಟಿಯ ವಾರ್ಷಿಕ ಪ್ರದರ್ಶನ. 1888ರಲ್ಲಿ ಸ್ಥಾಪನೆಯಾದ ಸಂಸ್ಥೆ ಅದು. ಕಳುಹಿಸಿದ ಚಿತ್ರವೆಲ್ಲ ಗೋಡೆ ಏರುತ್ತಿರಲಿಲ್ಲ. ಪರಿಣತರು ಮೊದಲು ಆರಿಸಬೇಕು, ಬಳಿಕ ಬಹುಮಾನದ ಮಾತು. ತಿರಸ್ಕೃತವಾದ ಚಿತ್ರವನ್ನು ಕಂಕುಳಲ್ಲಿಟ್ಟುಕೊಂಡು ಮರಳುವುದೂ ಸ್ಪರ್ಧೆಯ ಒಂದು ಭಾಗವೇ. 1937ರಲ್ಲಿ ಅಮೃತಾ ಶೇರ್‌ಗಿಲ್ ಇಲ್ಲಿಯೇ ಸ್ವರ್ಣಪದಕ ಪಡೆದರು. ಪಾಶ್ಚಾತ್ಯ ತಂತ್ರದಲ್ಲಿ ಪಳಗಿದ ಕೈ ಭಾರತದ ಬದುಕನ್ನು ಭಾರತದ ಬಣ್ಣದಲ್ಲೇ ಹೇಳಬಹುದೆಂಬುದಕ್ಕೆ ಅವರ ಚಿತ್ರಗಳು ನಿದರ್ಶನವಾಗಿದ್ದವು. ಯುವಕ ಹೆಬ್ಬಾರರ ಮೇಲೆ ಅವುಗಳ ಪ್ರಭಾವ ಗಾಢವಾಗಿತ್ತು.

ಶಾಲೆಯಲ್ಲಿ ಕಲಿತ ತದ್ರೂಪ ಚಿತ್ರಣ ಅವರಿಗೆ ಸಾಲದೆನಿಸಿತು. ಜೈನ ಹಸ್ತಪ್ರತಿಗಳ ಚಿತ್ರಗಳನ್ನು, ಅಜಂತಾದ ಭಿತ್ತಿಗಳನ್ನು ಅಭ್ಯಾಸ ಮಾಡಿದರು. ಕೇರಳದಲ್ಲಿ ಸಂಚರಿಸಿ ಅಲ್ಲಿನ ಜನರನ್ನೂ ತೆಂಗಿನ ನೆರಳನ್ನೂ ಚಿತ್ರಿಸಿದರು. 1940ರಿಂದ 1945ರವರೆಗೆ ನಿರ್ವಹಿಸಿದ ಅಧ್ಯಾಪಕ ವೃತ್ತಿಯನ್ನು ಬಿಟ್ಟು ಕುಂಚವನ್ನೇ ನಂಬಿದರು. ಸಂಸಾರಸ್ಥನಿಗೆ ತಿಂಗಳ ಸಂಬಳ ಬಿಡುವುದು ಸಣ್ಣ ಮಾತಲ್ಲ. 1947ರ ಸ್ವರ್ಣಪದಕ ಬಂದದ್ದು ಈ ಹಂತದಲ್ಲಿ.

ಅದೇ ವರ್ಷ ಸೂಜ಼ಾ, ರಜ಼ಾ, ಆರಾ, ಹುಸೇನ್ ಮೊದಲಾದವರ ಪ್ರೋಗ್ರೆಸಿವ್ ಕಲಾವಿದರ ಬಳಗ ಮುಂಬಯಿಯಲ್ಲಿ ತಲೆಯೆತ್ತಿತು. ಹೆಬ್ಬಾರರು ಆ ಬಳಗ ಸೇರಲಿಲ್ಲ. ಹಳೆಯ ಶೈಲಿಯ ನೆರಳಿನಲ್ಲೂ ಉಳಿಯಲಿಲ್ಲ. ಈ ನಡುದಾರಿಯಿಂದಾಗಿ ಚರಿತ್ರೆಯ ಪುಸ್ತಕಗಳಲ್ಲಿ ಅವರಿಗೆ ಸಿಗಬೇಕಾದಷ್ಟು ಪುಟ ಸಿಗಲಿಲ್ಲವೆಂದರೆ ತಪ್ಪಾಗದು.

ಪದಕ ತಂದುಕೊಟ್ಟ ಶೈಲಿಯಲ್ಲಿಯೇ ಚಿತ್ರ ಬರೆಯುತ್ತ ಹೋಗಿದ್ದರೆ ಜೀವನ ಸುಗಮವಾಗಿರುತ್ತಿತ್ತು. ಮೆಚ್ಚುವ ಕಣ್ಣುಗಳು ಇದ್ದವು, ಕೊಳ್ಳುವವರೂ ಇದ್ದರು. ಹೆಬ್ಬಾರರು ಹಡಗೇರಿದರು. 1949-50ರಲ್ಲಿ ಅಕಾಡೆಮಿ ಜೂಲಿಯಾನ್‌ನಲ್ಲಿ ಚಿತ್ರಕಲೆಯನ್ನೂ ಎಕೋಲ್ ಎಸ್ಟಿಯೆನ್‌ನಲ್ಲಿ ಮುದ್ರಣಕಲೆಯನ್ನೂ ಕಲಿತರು. ಹಿಂತಿರುಗಿದ ಮೇಲೆ ಚಿತ್ರಗಳ ಚಹರೆ ಬದಲಾಯಿತು. ವಿವರಗಳು ಕರಗಿ ಬಣ್ಣದ ಮೈ ದಪ್ಪವಾಯಿತು. ಬರ, ಹಸಿವು, ಕೋಳಿಅಂಕ, ಕೂಲಿಕಾರರ ದುಡಿಮೆ ವಸ್ತುಗಳಾದವು. ಲಯವನ್ನು ಕಣ್ಣಿನಿಂದ ನೋಡಿದರೆ ಸಾಲದು, ಮೈಯಿಂದಲೇ ಅರಿಯಬೇಕೆಂದು ಪಂಡಿತ್ ಸುಂದರ್ ಪ್ರಸಾದರಲ್ಲಿ ಕಥಕ್ ನೃತ್ಯವನ್ನೂ ಅಭ್ಯಸಿಸಿದ್ದರು. ಕಾಗದದಿಂದ ಲೇಖನಿ ಎತ್ತದಂತೆ ಹರಿಯುವ ಅವರ ನರ್ತಕರ ರೇಖಾಚಿತ್ರಗಳನ್ನು ಕಂಡವರಿಗೆ ಆ ಅಭ್ಯಾಸದ ಫಲ ತಿಳಿಯುತ್ತದೆ. ಹಾಡುವ ರೇಖೆ ಎಂಬ ಹೆಸರು ಆ ಚಿತ್ರಗಳಿಗೆ ಅಂಟಿಕೊಂಡಿತು.

ದೆಹಲಿಯಲ್ಲಿ 1954ರಲ್ಲಿ ಲಲಿತಕಲಾ ಅಕಾಡೆಮಿ ಆರಂಭವಾಗಿ, ರಾಷ್ಟ್ರೀಯ ಕಲಾಪ್ರದರ್ಶನದ ಪರಂಪರೆ ಮೊದಲಾಯಿತು. ದೇಶದ ಎಲ್ಲ ಮೂಲೆಗಳ ಚಿತ್ರಗಳು ಒಂದೇ ತೀರ್ಪುಗಾರ ಮಂಡಲಿಯ ಮುಂದೆ ನಿಲ್ಲುವ ಕಣವದು. 1956, 1957, 1958 ಹೀಗೆ ಸತತ ಮೂರು ವರ್ಷ ಹೆಬ್ಬಾರರು ಅಕಾಡೆಮಿಯ ಪ್ರಶಸ್ತಿ ಪಡೆದರು. ಆ ವೇಳೆಗೆ ಅವರ ಚಿತ್ರಗಳಲ್ಲಿ 1947ರ ಕೇರಳದ ಹುಡುಗಿಯರ ಗುರುತು ಹಿಡಿಯುವುದೇ ಕಷ್ಟವಾಗಿತ್ತು. 1961ರಲ್ಲಿ ಪದ್ಮಶ್ರೀ, 1989ರಲ್ಲಿ ಪದ್ಮಭೂಷಣ ಅರಸಿ ಬಂದವು.

ಒಂದು ಕಾಲಕ್ಕೆ ತೀರ್ಪಿಗಾಗಿ ಚಿತ್ರ ಕಳುಹಿಸುತ್ತಿದ್ದವರೇ 1980ರ ದಶಕದ ಆರಂಭದಲ್ಲಿ ಲಲಿತಕಲಾ ಅಕಾಡೆಮಿಯ ಅಧ್ಯಕ್ಷರಾದರು. ಮುಂಬಯಿಯ ಮನೆಯಲ್ಲಿ ಅವರ ಕುಂಚ ಮಾತ್ರ ವಿರಮಿಸಲಿಲ್ಲ. 1996ರ ಮಾರ್ಚ್ 26ರಂದು ಅವರು ನಿಧನರಾದರು. ಕರ್ನಾಟಕಕ್ಕೆ ಅವರು ನೀಡಿದ ಕೃತಿಗಳು ಬೆಂಗಳೂರಿನ ವೆಂಕಟಪ್ಪ ಚಿತ್ರಶಾಲೆಯ ಸಂಗ್ರಹದಲ್ಲಿವೆ.